ನಂಬದಿರಲು ಕಲಿತ ಯಂತ್ರ

ಘಟ್ಟದ ಕಡೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಬರುವ ಆಂಬುಲೆನ್ಸುಗಳಿಗೆ ಪಡೀಲ್ ಜಂಕ್ಷನ್ ತಪ್ಪಿಸಿ ಬೇರೆ ದಾರಿ ಹುಡುಕುವುದು ಕಷ್ಟ. ಬೆಳ್ತಂಗಡಿ, ಪುತ್ತೂರು, ಸುಳ್ಯ, ಮೇಲಿನ ಸಕಲೇಶಪುರ, ಮೂಡಿಗೆರೆ ಎಲ್ಲ ಕಡೆಯವರೂ ಬಿ.ಸಿ.ರೋಡಿನಲ್ಲಿ ಸೇರಿ, ಫರಂಗಿಪೇಟೆ, ಅಡ್ಯಾರ್, ಕಣ್ಣೂರು ದಾಟಿ ಇಲ್ಲಿಗೇ ಬರಬೇಕು. ಬಲಕ್ಕೆ ಹೊರಳಿದರೆ ನಂತೂರು. ನೇರ ಹೋದರೆ ನಾಗುರಿ, ಗರೋಡಿ, ಪಂಪ್‌ವೆಲ್, ಆಮೇಲೆ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ. 2025ರ ಮೇ ತಿಂಗಳಲ್ಲಿ ಜಿಲ್ಲಾಧಿಕಾರಿ ಕಚೇರಿಯ ಹೊಸ ಕಟ್ಟಡ ‘ಪ್ರಜಾಸೌಧ’ ಇಲ್ಲಿ ಉದ್ಘಾಟನೆಯಾದ ಮೇಲೆ ಜಂಕ್ಷನ್ನಿನ ಗದ್ದಲ ಇನ್ನಷ್ಟು ಏರಿದೆ. ಆದರೂ ಸೈರನ್ ಕೇಳಿದರೆ ಸಿಟಿ ಬಸ್ಸಿನವರೂ ಬದಿಗೆ ಸರಿಯುತ್ತಾರೆ. ಮಂಗಳೂರಿನ ಮಟ್ಟಿಗೆ ಅದು ಸಣ್ಣ ಮಾತೇನಲ್ಲ.

ರಾತ್ರಿಯಾದರೆ ಅದೇ ರಸ್ತೆಯಲ್ಲಿ ಎದುರು ದಿಕ್ಕಿಗೆ ಬೆಂಗಳೂರು ಬಸ್ಸುಗಳ ಸಾಲು. ಭಾನುವಾರ ರಾತ್ರಿಯಂತೂ ಸೀಟು ಸಿಕ್ಕುವುದೇ ಪುಣ್ಯ. ಸುರತ್ಕಲ್, ಅಡ್ಯಾರ್, ವಾಮಂಜೂರು, ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದಿದ ಹುಡುಗ ಹುಡುಗಿಯರು ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿಕೊಂಡು ಶಿರಾಡಿ ಹತ್ತುವ ಹೊತ್ತು ಅದು. ಅವರ ಪೈಕಿ ಬ್ಯಾಂಕಿನ ಆ್ಯಪು ಬರೆಯುವವರು, ಆನ್‌ಲೈನ್ ಅಂಗಡಿ ನಡೆಸುವವರೇ ಹೆಚ್ಚು. ಆದರೆ ಬೆಂಗಳೂರಿನಲ್ಲಿ ಜಿಇ, ಫಿಲಿಪ್ಸ್, ಸೀಮೆನ್ಸ್‌ನಂಥ ಕಂಪನಿಗಳ ದೊಡ್ಡ ವೈದ್ಯಕೀಯ ತಂತ್ರಜ್ಞಾನ ಕೇಂದ್ರಗಳಿವೆ. ಸ್ಕ್ಯಾನರ್, ಮಾನಿಟರ್, ಅಲ್ಟ್ರಾಸೌಂಡ್ ಯಂತ್ರಗಳೊಳಗಿನ ಸಾಫ್ಟ್‌ವೇರಿನ ಕೆಲಸ ಅಲ್ಲಿ ನಡೆಯುತ್ತದೆ. ಮೈಸೂರಿನಲ್ಲಿ ಸ್ಕ್ಯಾನ್‌ರೇ ಇದೆ. ಹಗಲು ಪಡೀಲಿನಲ್ಲಿ ಪಶ್ಚಿಮಕ್ಕೆ ಹೋದ ರೋಗಿಯ ಕೈಗೆ ಹಾಕಿದ ಪಂಪು, ಎದೆಗೆ ಅಂಟಿಸಿದ ವೈರು, ಮೂಗಿಗೆ ಜೋಡಿಸಿದ ಗಾಳಿಯಂತ್ರ ಹೇಗೆ ವರ್ತಿಸಬೇಕೆಂದು ತೀರ್ಮಾನಿಸುವವರು ರಾತ್ರಿ ಪೂರ್ವಕ್ಕೆ ಹೋಗುವವರಲ್ಲೂ ಇರುತ್ತಾರೆ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ.

ವೈದ್ಯಕೀಯ ಸಾಫ್ಟ್‌ವೇರು ಹೇಗೆ ಕಟ್ಟಬೇಕೆಂದು ತಿಳಿಯಲು ಪಡೀಲಿನಲ್ಲೇ ಒಂದು ಒಳ್ಳೆಯ ಪಾಠವಿದೆ. ಅದು ರಸ್ತೆಯಲ್ಲಿಲ್ಲ, ಹಳಿಯಲ್ಲಿದೆ. ಹಿಂದೆ ಕಂಕನಾಡಿ ಎಂದಿದ್ದ ಮಂಗಳೂರು ಜಂಕ್ಷನ್ ನಿಲ್ದಾಣ ಇಲ್ಲೇ ಹತ್ತಿರ. ಕೇರಳದ ಕಡೆಯ ಹಳಿ, ಸೆಂಟ್ರಲ್ ಕಡೆಗೆ ಹೋಗುವ ಹಳಿ, ಸುರತ್ಕಲ್ ಮೂಲಕ ಕೊಂಕಣಕ್ಕೆ ಹೋಗುವ ಹಳಿ, ಸುಬ್ರಹ್ಮಣ್ಯ, ಹಾಸನಕ್ಕೆ ಹೋಗುವ ಹಳಿ ಎಲ್ಲ ಈ ಸುತ್ತಿನಲ್ಲೇ ಕೂಡಿ ಅಗಲುತ್ತವೆ. ಪಡೀಲ್ ದಾಟಿದರೆ ಮೈಸೂರು ವಿಭಾಗ, ಈಚೆಗೆ ಪಾಲಕ್ಕಾಡ್ ವಿಭಾಗ, ತೋಕೂರಿನಿಂದಾಚೆ ಕೊಂಕಣ ರೈಲ್ವೆ. ಒಂದೂರನ್ನು ಮೂವರಿಗೆ ಹಂಚಿದ್ದಾರೆಂಬ ದೂರು ಇಲ್ಲಿ ಹಳೆಯದು. ಆದರೂ ಎರಡು ರೈಲು ಒಂದೇ ಹಳಿಗೆ ನುಗ್ಗುವುದಿಲ್ಲ. ಸ್ಟೇಷನ್ ಮಾಸ್ಟರ್ ಎಚ್ಚರವಾಗಿರುತ್ತಾರೆ ಎಂಬುದು ಅದಕ್ಕೆ ಕಾರಣಗಳಲ್ಲಿ ಒಂದು ಮಾತ್ರ. ಮುಖ್ಯ ಕಾರಣ ಇಂಟರ್‌ಲಾಕಿಂಗ್. ಪಾಯಿಂಟು ಸರಿಯಾದ ಕಡೆಗೆ ತಿರುಗಿ ಬೀಗ ಬಿದ್ದಿದೆ ಎಂಬ ಸುದ್ದಿ ಹಳಿಯ ಬದಿಯಿಂದ ವಾಪಸು ಬರುವವರೆಗೆ ಹಸಿರು ದೀಪ ಹತ್ತುವುದಿಲ್ಲ. ಮಾಸ್ಟರು ಬಟನ್ ಎಷ್ಟು ಸಲ ಒತ್ತಿದರೂ ಅಷ್ಟೇ. ಕರೆಂಟು ಹೋಯಿತೆನ್ನಿ, ರಿಲೇ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ, ಹಸಿರು ಹೋಗುತ್ತದೆ. ಆ ವ್ಯವಸ್ಥೆ ಮನುಷ್ಯನನ್ನೂ ನಂಬುವುದಿಲ್ಲ, ತನ್ನದೇ ತಂತಿಯನ್ನೂ ನಂಬುವುದಿಲ್ಲ.

ಇದೇ ‘ಇಂಟರ್‌ಲಾಕ್’ ವೈದ್ಯಕೀಯ ಯಂತ್ರಗಳ ಚರಿತ್ರೆಯಲ್ಲೂ ನಡುಮಧ್ಯೆ ನಿಂತಿದೆ. ಒಂದು ಯಂತ್ರದಿಂದ ಅದನ್ನು ಕಿತ್ತು ಹಾಕಿದ್ದರ ಕತೆಯನ್ನು ನಲವತ್ತು ವರ್ಷಗಳಿಂದ ಎಂಜಿನಿಯರುಗಳು ಹೇಳುತ್ತಲೇ ಇದ್ದಾರೆ.

ಕೆನಡಾದ ಎಇಸಿಎಲ್ ಎಂಬ ಸರ್ಕಾರಿ ಕಂಪನಿ ಕ್ಯಾನ್ಸರಿಗೆ ವಿಕಿರಣ ಕೊಡುವ ಥೆರಾಕ್-25 ಎಂಬ ಯಂತ್ರ ಮಾಡಿತ್ತು. ಅದಕ್ಕೂ ಮೊದಲಿನ ಥೆರಾಕ್-20ರಲ್ಲಿ ತಪ್ಪು ಜೋಡಣೆಯಾದರೆ ಕಿರಣ ಹೊರಡದಂತೆ ತಡೆಯುವ ವಿದ್ಯುತ್ ಅಡೆತಡೆಗಳಿದ್ದವು. ಹೊಸ ಯಂತ್ರದಲ್ಲಿ, ಕಂಪ್ಯೂಟರ್ ಹೇಗೂ ನೋಡಿಕೊಳ್ಳುತ್ತದಲ್ಲ ಎಂದು ಆ ಅಡೆತಡೆಗಳಲ್ಲಿ ಹಲವನ್ನು ಕೈಬಿಟ್ಟರು. ಹಳೆಯ ಯಂತ್ರದ ಕೋಡಿನ ಭಾಗಗಳನ್ನು ಹೊಸದಕ್ಕೆ ತಂದರು. ಆ ಸಾಫ್ಟ್‌ವೇರನ್ನು ಬಹುಮಟ್ಟಿಗೆ ಒಬ್ಬನೇ ವ್ಯಕ್ತಿ ವರ್ಷಗಟ್ಟಲೆ ಕೂತು ಅಸೆಂಬ್ಲಿ ಭಾಷೆಯಲ್ಲಿ ಬರೆದಿದ್ದ. 1985ರ ಜೂನ್‌ನಿಂದ 1987ರ ಜನವರಿಯೊಳಗೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ಮಂದಿಗೆ ಮಿತಿಮೀರಿದ ವಿಕಿರಣ ಬಡಿಯಿತು.

1986ರ ಮಾರ್ಚ್ 21, ಟೆಕ್ಸಸಿನ ಟೈಲರ್ ಎಂಬ ಊರು. ಆಪರೇಟರಿಗೆ ಕೈ ಪಳಗಿದೆ, ಬೆರಳು ಚುರುಕು. ಎಲೆಕ್ಟ್ರಾನ್ ಕಿರಣಕ್ಕೆ ‘ಇ’ ಒತ್ತುವ ಬದಲು ಎಕ್ಸ್‌ರೇಗೆಂದು ‘ಎಕ್ಸ್’ ಒತ್ತಿದರು. ಪಟ್ಟಿ ಪೂರ್ತಿ ತುಂಬಿದ ಮೇಲೆ ತಪ್ಪು ಕಣ್ಣಿಗೆ ಬಿತ್ತು. ಬಾಣದ ಗುಂಡಿಯಿಂದ ಮೇಲೆ ಹೋಗಿ, ‘ಇ’ ಎಂದು ತಿದ್ದಿ, ಉಳಿದ ಸಾಲುಗಳಿಗೆ ಪಟಪಟ ರಿಟರ್ನ್ ಒತ್ತಿ ಕೆಳಗೆ ಬಂದರು. ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಒಳಗೆ, ಕಿರಣವನ್ನು ಬಾಗಿಸುವ ಅಯಸ್ಕಾಂತಗಳನ್ನು ಹೊಂದಿಸಲು ಯಂತ್ರಕ್ಕೆ ಸುಮಾರು 8 ಸೆಕೆಂಡು ಬೇಕು. ಅಷ್ಟರೊಳಗೆ ತಿದ್ದಿದ್ದನ್ನು ಕೋಡಿನ ಒಂದು ಭಾಗ ಗಮನಿಸಿತು, ಇನ್ನೊಂದು ಭಾಗ ಗಮನಿಸಲಿಲ್ಲ. ಎಕ್ಸ್‌ರೇಗೆ ಬೇಕಾದ ಭಾರೀ ಪ್ರವಾಹ ಹೊರಟಿತು. ಅದನ್ನು ತಡೆದು ಹದಗೊಳಿಸಬೇಕಾದ ಲೋಹದ ಗುರಿ ಮಾತ್ರ ಎದುರಿಗೆ ಇರಲಿಲ್ಲ. ಪರದೆಯಲ್ಲಿ ಕಂಡದ್ದು ‘ಮಾಲ್‌ಫಂಕ್ಷನ್ 54’. ಅದರ ಅರ್ಥವೇನೆಂದು ಕೈಪಿಡಿಯಲ್ಲಿ ವಿವರಣೆಯೇ ಇರಲಿಲ್ಲ. ದಿನವೂ ಹೀಗೆ ಏನಾದರೊಂದು ಬರುವುದು, ‘ಪಿ’ ಒತ್ತಿದರೆ ಮುಂದುವರಿಯುವುದು ಅಲ್ಲಿ ಮಾಮೂಲು. ‘ಪಿ’ ಒತ್ತಿದರು. ಒಳಗೆ ಮಲಗಿದ್ದ ರೋಗಿ ಮೊದಲ ಹೊಡೆತಕ್ಕೆ ಬೆಚ್ಚಿ ಏಳುತ್ತಿದ್ದಾಗಲೇ ಎರಡನೆಯದು ಬಡಿಯಿತು. ಆ ದಿನ ಕೋಣೆಯ ಕ್ಯಾಮೆರಾ ಜೋಡಿಸಿರಲಿಲ್ಲ, ಧ್ವನಿ ಕೇಳಿಸುವ ಇಂಟರ್‌ಕಾಂ ಕೆಟ್ಟಿತ್ತು. 180 ರ‍್ಯಾಡ್ ಕೊಡಬೇಕಿದ್ದ ಜಾಗಕ್ಕೆ ಹೆಚ್ಚುಕಡಿಮೆ ಅದರ ನೂರು ಪಟ್ಟು ಹೋಗಿತ್ತೆಂದು ಆಮೇಲೆ ಅಂದಾಜು ಮಾಡಿದರು. ಐದು ತಿಂಗಳಲ್ಲಿ ಆತ ತೀರಿಕೊಂಡ.

ಇಂಥದ್ದು ಸಾಧ್ಯವೇ ಇಲ್ಲ ಎಂದಿತು ಕಂಪನಿ. ಮೂರೇ ವಾರದಲ್ಲಿ ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬ ರೋಗಿಗೆ ಹಾಗೇ ಆಯಿತು. ಆಗ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಆ ಆಪರೇಟರನ್ನು ಕೂರಿಸಿಕೊಂಡು ಅದೇ ಗುಂಡಿಗಳನ್ನು ಮತ್ತೆ ಮತ್ತೆ ಒತ್ತಿಸಿ ನೋಡಿದರು. ನಿಧಾನ ಒತ್ತಿದರೆ ಏನೂ ಆಗುವುದಿಲ್ಲ. ವೇಗವಾಗಿ ತಿದ್ದಿದರೆ 54 ಬರುತ್ತದೆ! ಕಂಪನಿಯ ಪ್ರಯೋಗಾಲಯದಲ್ಲಿ ಕಾಣದ ದೋಷ ಕೆಲಸ ಚೆನ್ನಾಗಿ ಬಲ್ಲವರ ಬೆರಳಿಗೆ ಕಾಣಿಸಿತು. 1987ರ ಜನವರಿಯಲ್ಲಿ ಯಾಕಿಮಾ ಎಂಬಲ್ಲಿ ನಡೆದ ಕೊನೆಯ ಅವಘಡದ ಕಾರಣವೇ ಬೇರೆ. ಒಂದು ಎಣಿಕೆಗೆ ಒಂದೇ ಬೈಟು ಕೊಟ್ಟಿದ್ದರಿಂದ ಪ್ರತಿ 256ನೇ ಸುತ್ತಿಗೆ ಅದು ಸೊನ್ನೆಯಾಗುತ್ತಿತ್ತು. ಸೊನ್ನೆ ಎಂದರೆ ‘ತಪಾಸಣೆ ಬೇಕಿಲ್ಲ’ ಎಂದು ಅರ್ಥ. ಸರಿಯಾಗಿ ಆ ಕ್ಷಣಕ್ಕೆ ಗುಂಡಿ ಒತ್ತಿದರೆ ತಪಾಸಣೆಯೇ ಇಲ್ಲದೆ ಕಿರಣ ಹೊರಡುತ್ತದೆ.

ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಈ ಆರೂ ಪ್ರಕರಣಗಳನ್ನು ಬಿಡಿಸಿ ಬರೆದರು. ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಟೈಲರಿನ ತಪ್ಪು ಹಳೆಯ ಥೆರಾಕ್-20ರಲ್ಲೂ ಇತ್ತು ಎಂಬ ವಿವರ. ಅಲ್ಲಿ ಅದರಿಂದ ಯಾರೂ ಸಾಯಲಿಲ್ಲ. ಫ್ಯೂಸ್ ಹಾರುತ್ತಿತ್ತು, ಬೈದುಕೊಂಡು ಹೊಸದು ಹಾಕುತ್ತಿದ್ದರು. ಎಂದರೆ ಕೋಡಿನ ತಪ್ಪು ಎರಡೂ ಕಡೆ ಒಂದೇ. ಕೊಂದದ್ದು ಆ ತಪ್ಪಿಗೂ ರೋಗಿಗೂ ನಡುವೆ ಬೇರೆ ಏನೂ ನಿಂತಿರದಿದ್ದುದು. ಕೋಡ್ ಚೆನ್ನಾಗಿ ಬರೆಯಿರಿ, ಚೆನ್ನಾಗಿ ಪರೀಕ್ಷಿಸಿ ಎಂದು ಹೇಳುವವರು ಬಹಳ ಜನ. ಎಷ್ಟೇ ಚೆನ್ನಾಗಿ ಬರೆದರೂ ತಪ್ಪು ಉಳಿಯುತ್ತದೆ ಎಂದು ಒಪ್ಪಿಕೊಂಡು, ಆ ತಪ್ಪು ರೋಗಿಯ ಮೈ ಮುಟ್ಟದ ಹಾಗೆ ಭಾಗಗಳನ್ನು ಬೇರ್ಪಡಿಸುವವನು ಸಾಫ್ಟ್‌ವೇರಿನ ವಾಸ್ತುಶಿಲ್ಪಿ. ಅವನ ಕೆಲಸ ಪರದೆಯಲ್ಲಿ ಕಾಣುವುದಿಲ್ಲ, ಜಾಹೀರಾತಿನಲ್ಲೂ ಬರುವುದಿಲ್ಲ.

ಐಸಿಯುವಿನಲ್ಲಿ ಹಾಸಿಗೆಗೆ ಮೂರು ನಾಲ್ಕರಂತೆ ನೇತಾಡುವ ಸಿರಿಂಜ್ ಪಂಪನ್ನೇ ನೋಡಿ. ಕೆಲಸ ಹೇಳಿದರೆ ಅಷ್ಟೆ: ಗಂಟೆಗೆ ಇಷ್ಟು ಮಿಲಿಲೀಟರ್ ಎಂದು ಸಿರಿಂಜನ್ನು ತಳ್ಳಬೇಕು. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ 2005ರಿಂದ 2009ರವರೆಗೆ ಇಂಥ ಔಷಧ ಪಂಪುಗಳ ಬಗ್ಗೆ ಸುಮಾರು 56,000 ದೂರುಗಳು ಬಂದವು, 87 ಸಲ ಕಂಪನಿಗಳು ಪಂಪುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಬೆರಳು ಒಮ್ಮೆ ಮುಟ್ಟಿದ್ದನ್ನು ಗುಂಡಿ ಎರಡು ಸಲ ಎಂದು ಓದಿಕೊಳ್ಳುವುದೂ ಅದರಲ್ಲಿ ಒಂದು ದೋಷ. 10 ಎಂದು ಒತ್ತಿದ್ದು 100 ಆದರೆ ರೋಗಿಯ ರಕ್ತದೊತ್ತಡ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನರ್ಸುಗಳಿಗೆ ಹೇಳಿಕೊಡಬೇಕಾಗಿಲ್ಲ.

ಸರಿಯಾಗಿ ಕಟ್ಟಿದ ಪಂಪಿನಲ್ಲಿ ಇದಕ್ಕೆ ಒಂದರ ಹಿಂದೆ ಒಂದು ತಡೆ ಇರುತ್ತದೆ. ಯಾವ ಔಷಧಕ್ಕೆ ಎಷ್ಟು ಮಿತಿ ಎಂಬ ಪಟ್ಟಿ ಒಳಗೇ ಇದ್ದು, ಅದನ್ನು ಮೀರಿದ ಅಂಕಿಯನ್ನು ಪಂಪು ತೆಗೆದುಕೊಳ್ಳುವುದೇ ಇಲ್ಲ. ಮೋಟಾರು ತಿರುಗಿಸಲು ಒಂದು ಚಿಪ್ಪು. ಅದು ನಿಜವಾಗಿ ಎಷ್ಟು ತಿರುಗಿತು ಎಂದು ಬೇರೆ ಸೆನ್ಸರಿನಿಂದ ಅಳೆಯಲು ಇನ್ನೊಂದು ಚಿಪ್ಪು. ಎರಡರ ಲೆಕ್ಕ ತಾಳೆಯಾಗದಿದ್ದರೆ ಎರಡನೆಯದು ಮೋಟಾರಿನ ಕರೆಂಟನ್ನೇ ಕತ್ತರಿಸುತ್ತದೆ, ಮೊದಲನೆಯದರ ಅಪ್ಪಣೆ ಕೇಳುವುದಿಲ್ಲ. ಇವೆರಡರ ಮೇಲೂ ವಾಚ್‌ಡಾಗ್. ಮುಖ್ಯ ಪ್ರೋಗ್ರಾಂ ಸರಿಯಾಗಿ ನಡೆಯುತ್ತಿದ್ದರೆ ನಿಯಮಿತವಾಗಿ ‘ನಾನಿದ್ದೇನೆ’ ಎಂದು ಅದಕ್ಕೆ ಸೂಚನೆ ಕೊಡುತ್ತಿರಬೇಕು. ಸೂಚನೆ ತಪ್ಪಿತೆಂದರೆ ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ಅದು ಯಂತ್ರವನ್ನು ಸುರಕ್ಷಿತ ಸ್ಥಿತಿಗೆ ಎಳೆಯುತ್ತದೆ. ಇಷ್ಟೆಲ್ಲ ಇದ್ದೂ ಎರಡು ಚಿಪ್ಪಿಗೂ ಒಂದೇ ಗಡಿಯಾರ, ಒಂದೇ ವಿದ್ಯುತ್ ಮೂಲ ಕೊಟ್ಟುಬಿಟ್ಟರೆ ಇಬ್ಬರೂ ಕಾವಲುಗಾರರು ಒಟ್ಟಿಗೇ ಮಲಗುತ್ತಾರೆ. ಡಿಸೈನ್ ಪರಿಶೀಲನೆಯಲ್ಲಿ ನುರಿತವರು ಮೊದಲು ಕೈಯಿಡುವುದೇ ಇಲ್ಲಿಗೆ.

‘ಸುರಕ್ಷಿತ ಸ್ಥಿತಿ’ ಎಂದೆನಲ್ಲ, ಅದು ಅಷ್ಟು ಸುಲಭದ ಮಾತಲ್ಲ. ರೈಲಿಗೆ ಉತ್ತರ ಒಂದೇ: ನಿಲ್ಲಿಸು. ವಿಕಿರಣ ಯಂತ್ರಕ್ಕೂ ಅದೇ. ಆದರೆ ನಾರ್‌ಅಡ್ರಿನಲಿನ್ ಹೋಗುತ್ತಿರುವ ಪಂಪು ನಿಂತರೆ ರಕ್ತದೊತ್ತಡ ಕುಸಿಯುತ್ತದೆ. ವೆಂಟಿಲೇಟರ್ ನಿಲ್ಲುವಂತೆಯೇ ಇಲ್ಲ. ತೀರಾ ಕೆಟ್ಟರೆ ಕವಾಟ ತೆರೆದು ಹೊರಗಿನ ಗಾಳಿಯನ್ನಾದರೂ ಒಳಬಿಟ್ಟು, ಗಂಟಲು ಹರಿಯುವಂತೆ ಕೂಗಬೇಕು. ಕರಾವಳಿಯ ಜೂನ್ ತಿಂಗಳಲ್ಲಿ ಇದು ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಒಂದು ಗುಡುಗು, ಮೆಸ್ಕಾಂ ಕರೆಂಟು ಕಣ್ಣು ಮಿಟುಕಿಸಿ ವಾಪಸು ಬರುತ್ತದೆ. ಪೂರ್ತಿ ಹೋಗುವುದಕ್ಕಿಂತ ಈ ಮಿಟುಕಾಟವೇ ಸಾಫ್ಟ್‌ವೇರಿಗೆ ದೊಡ್ಡ ಪರೀಕ್ಷೆ. ಬ್ಯಾಟರಿಗೆ ಜಾರುವ ಆ ಗಳಿಗೆಯಲ್ಲಿ ಯಂತ್ರ ಮರುಚಾಲೂ ಆದರೆ, ಮೊದಲಿನ ಡೋಸ್ ಅದಕ್ಕೆ ನೆನಪಿದೆಯೇ? ನೆನಪಿದ್ದರೂ ಕೇಳದೆ ಮುಂದುವರಿಯಬೇಕೆ, ನರ್ಸು ಬಂದು ‘ಹೌದು’ ಎನ್ನುವವರೆಗೆ ಕಾಯಬೇಕೆ? ಇದಕ್ಕೆ ಎಲ್ಲ ಔಷಧಕ್ಕೂ ಒಂದೇ ಉತ್ತರವಿಲ್ಲ. ಡಾಕ್ಟರನ್ನು, ನರ್ಸನ್ನು ಕೂರಿಸಿಕೊಳ್ಳದೆ ಎಂಜಿನಿಯರು ಒಬ್ಬನೇ ಇದನ್ನು ತೀರ್ಮಾನಿಸಲೂ ಆಗದು.

2020ರ ಕೋವಿಡ್ ದಿನಗಳಲ್ಲಿ ನಮ್ಮ ರಾಜ್ಯ ಈ ಕಷ್ಟವನ್ನು ಮೈಮೇಲೆ ಹಾಕಿಕೊಂಡಿತು. ಕೇಂದ್ರ ಸರ್ಕಾರ ಬಿಇಎಲ್‌ಗೆ 30,000 ಐಸಿಯು ವೆಂಟಿಲೇಟರುಗಳ ಬೇಡಿಕೆ ಕೊಟ್ಟಾಗ ವಿನ್ಯಾಸ ಬಂದದ್ದು ಮೈಸೂರಿನ ಸ್ಕ್ಯಾನ್‌ರೇಯಿಂದ, ನೆರವಿಗೆ ಡಿಆರ್‌ಡಿಒ. ಲಾಕ್‌ಡೌನಿನಲ್ಲಿ ಹೊರದೇಶದ ಬಿಡಿಭಾಗಗಳು ನಿಂತುಹೋದವು, ಇಲ್ಲೇ ಮಾಡಿಸಬೇಕಾಯಿತು. ರೇಡಾರ್ ಮಾಡುವ ಕಾರ್ಖಾನೆ ಉಸಿರಾಟದ ಯಂತ್ರ ಮಾಡಿ ಕೊಟ್ಟಿತೆಂದು ಪತ್ರಿಕೆಗಳಲ್ಲಿ ಹೊಗಳಿಕೆ ಬಂತು, ಬರಬೇಕಾದದ್ದೇ. ಆದರೆ ಇಂಥ ಕೆಲಸದಲ್ಲಿ ಸುದ್ದಿಯಾಗದ ಒಂದು ಹೊರೆ ಇರುತ್ತದೆ. ಒಂದು ಒತ್ತಡ ಸೆನ್ಸರಿನ ಬದಲು ಇನ್ನೊಂದನ್ನು ಕೂರಿಸಿದರೆ, ಅದರ ಓದನ್ನು ನಂಬಿ ಬರೆದ ಪ್ರತಿಯೊಂದು ಸಾಲನ್ನೂ ಮತ್ತೆ ಅನುಮಾನಿಸಬೇಕು. ಹಳಿಯ ಕಡೆ ನೋಡಿದರೂ ಇದೇ. 2023ರ ಜೂನ್ 2ರಂದು ಒಡಿಶಾದ ಬಹನಗಾ ಬಜಾರಿನ ರೈಲು ಅಪಘಾತದಲ್ಲಿ 290ಕ್ಕೂ ಹೆಚ್ಚು ಮಂದಿ ಸತ್ತದ್ದು ಇಂಟರ್‌ಲಾಕಿಂಗ್ ಇಲ್ಲದೆ ಅಲ್ಲ; ಸಿಗ್ನಲ್ ಸರ್ಕೀಟಿಗೆ ಕೈಹಾಕಿ ಬದಲಾಯಿಸಿದ್ದರಲ್ಲಿ ಆದ ಲೋಪದಿಂದ ಎಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡುಕೊಂಡಿತು. ಕಟ್ಟುವಾಗ ಇದ್ದ ಎಚ್ಚರ ತಿದ್ದುವಾಗ ಇರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಯಂತ್ರ ತಾನಾಗಿ ತಪ್ಪುವ ಮಾತು. ಯಾರಾದರೂ ಬೇಕೆಂದೇ ತಪ್ಪಿಸಲು ಬಂದರೆ?

ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೆನಿಯವರ ಎದೆಯೊಳಗೆ ಅಳವಡಿಸಿದ್ದ ಹೃದಯದ ಸಾಧನದ ವೈರ್‌ಲೆಸ್ ಸಂಪರ್ಕವನ್ನು ಅವರ ವೈದ್ಯರು 2007ರಲ್ಲೇ ತೆಗೆಸಿದ್ದರು. ಯಾರಾದರೂ ಅದರ ಮೂಲಕ ದಾಳಿ ಮಾಡಿಯಾರೆಂಬ ಭಯ ಆಗ ಸಿನಿಮಾ ಕಲ್ಪನೆಯಂತಿತ್ತು. ಮರುವರ್ಷ ವಿಶ್ವವಿದ್ಯಾಲಯದ ಸಂಶೋಧಕರು ಅಂಥದ್ದೇ ಒಂದು ಸಾಧನದ ಜತೆ ರೇಡಿಯೊ ಮೂಲಕ ಮಾತಾಡಿ ತೋರಿಸಿದರು. 2015ರಲ್ಲಿ ಹಾಸ್ಪಿರಾ ಕಂಪನಿಯ ಸಿಂಬಿಕ್ ಪಂಪನ್ನು ಬಳಸಬೇಡಿ ಎಂದು ಎಫ್‌ಡಿಎ ಆಸ್ಪತ್ರೆಗಳಿಗೆ ಹೇಳಿತು. ಕಾರಣ, ಆಸ್ಪತ್ರೆಯ ನೆಟ್‌ವರ್ಕಿಗೆ ನುಗ್ಗಿದವನು ದೂರದಿಂದಲೇ ಡೋಸ್ ಬದಲಿಸಬಹುದಿತ್ತು. 2017ರ ಆಗಸ್ಟ್‌ನಲ್ಲಿ ಅಬಾಟ್ ಕಂಪನಿಯ ಪೇಸ್‌ಮೇಕರುಗಳ ಸರದಿ. ಅಮೆರಿಕವೊಂದರಲ್ಲೇ ಸುಮಾರು 4,65,000 ಮಂದಿಯ ಎದೆಯೊಳಗಿದ್ದ ಸಾಧನಕ್ಕೆ ಸಾಫ್ಟ್‌ವೇರ್ ತಿದ್ದುಪಡಿ ಬೇಕಾಯಿತು. ಫೋನಿಗಾದರೆ ರಾತ್ರಿ ಚಾರ್ಜಿಗಿಟ್ಟು ಮಲಗಿದರಾಯಿತು, ಮಿಡಿಯುತ್ತಿರುವ ಹೃದಯಕ್ಕೆ? ರೋಗಿ ಆಸ್ಪತ್ರೆಗೇ ಬರಬೇಕು. ತಿದ್ದುಪಡಿ ನಡೆಯುವ ಸುಮಾರು 3 ನಿಮಿಷ ಪೇಸ್‌ಮೇಕರು ಜಾಣತನವನ್ನೆಲ್ಲ ಬದಿಗಿಟ್ಟು ನಿಮಿಷಕ್ಕೆ 67 ಬಡಿತ ಎಂಬ ಒಂದೇ ಕೆಲಸಕ್ಕೆ ಇಳಿಯುತ್ತದೆ. ಬುದ್ಧಿವಂತ ಭಾಗ ಕೆಟ್ಟರೂ, ತಿದ್ದುಪಡಿಯಲ್ಲಿ ಸಿಕ್ಕಿದರೂ ದಡ್ಡ ಭಾಗವೊಂದು ಕೆಳಗೆ ದುಡಿಯುತ್ತಲೇ ಇರಲಿ ಎಂದು ಮೊದಲೇ ಯೋಚಿಸಿ ಕಟ್ಟಿದವರಿಗೆ ನಮಸ್ಕಾರ ಹೇಳಬೇಕು.

ಭದ್ರತೆಯ ವಾಸ್ತುವೂ ಕೊನೆಗೆ ಇದೇ. ಯಾರು ಯಾರ ಜತೆ ಮಾತಾಡಬಹುದು, ಯಾರ ಮಾತನ್ನು ಯಾರು ನಂಬಬೇಕು. ಬಣ್ಣದ ಪರದೆ, ವೈಫೈ, ಆಸ್ಪತ್ರೆಯ ಕಂಪ್ಯೂಟರಿಗೆ ವರದಿ ಕಳಿಸುವ ಭಾಗ ಎಲ್ಲ ಒಂದು ಕಡೆ. ಅಲ್ಲಿ ಲಿನಕ್ಸೋ ವಿಂಡೋಸೋ ಇರಲಿ. ಡೋಸ್ ನಿರ್ಧರಿಸುವ ಚಿಕ್ಕ ಪ್ರೋಗ್ರಾಂ ಬೇರೆಯೇ ಚಿಪ್ಪಿನಲ್ಲಿ. ಇತ್ತಿಂದತ್ತ ಹೋಗುವ ಪ್ರತಿ ಸಂದೇಶವನ್ನೂ ಅದು ಅಪರಿಚಿತನ ಚೀಟಿಯೆಂಬಂತೆ ಪರಿಶೀಲಿಸಬೇಕು. ತಯಾರಕನ ಡಿಜಿಟಲ್ ಸಹಿ ಇಲ್ಲದ ಸಾಫ್ಟ್‌ವೇರಿನಿಂದ ಯಂತ್ರ ಏಳಲೇಬಾರದು. ಕಾರ್ಖಾನೆಯಲ್ಲಿ ಎಲ್ಲ ಯಂತ್ರಕ್ಕೂ ಒಂದೇ ಪಾಸ್‌ವರ್ಡ್ ಬರೆದು ಕಳಿಸುವ ಚಾಳಿ ಇನ್ನೂ ಹೋಗಿಲ್ಲ. 2025ರ ಜನವರಿಯಲ್ಲಿ ಅಮೆರಿಕದ ಸಂಸ್ಥೆಗಳು ಕಾಂಟೆಕ್ ಸಿಎಂಎಸ್8000 ಎಂಬ ಅಗ್ಗದ ರೋಗಿ ಮಾನಿಟರಿನ ಬಗ್ಗೆ ಎಚ್ಚರಿಕೆ ಕೊಟ್ಟವು. ನೆಟ್‌ವರ್ಕಿಗೆ ಜೋಡಿಸಿದರೆ ಒಳಗೇ ಬರೆದಿಟ್ಟ ಒಂದು ವಿಳಾಸಕ್ಕೆ ಅದು ರೋಗಿಯ ವಿವರ ರವಾನಿಸುತ್ತಿತ್ತು. ಅಗ್ಗದ ಮಾನಿಟರು ಬೇಕಾಗುವುದು ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮುಗಳಿಗೆ, ಅಂಥವು ನಮ್ಮಲ್ಲಿ ಗಲ್ಲಿಗೊಂದಿವೆ. ಅಲ್ಲಿ ಮಾನಿಟರೂ, ಸಿಸಿಟಿವಿಯೂ, ರೋಗಿಯ ಕಡೆಯವರಿಗೆ ಕೊಟ್ಟ ವೈಫೈಯೂ ಒಂದೇ ಪೆಟ್ಟಿಗೆಗೆ ಸಿಕ್ಕಿಸಿದ್ದರೆ ಆಶ್ಚರ್ಯವಿಲ್ಲ. ದೊಡ್ಡವರಿಗೂ ವಿನಾಯಿತಿ ಇಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರುಗಳಿಗೆ ದಾಳಿಕೋರರು ಬೀಗ ಹಾಕಿದಾಗ ದೇಶದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೊಂದು ವಾರಗಟ್ಟಲೆ ಕೈಬರಹದ ಚೀಟಿಯಲ್ಲಿ ನಡೆಯಿತು.

ಹಾಗೆಂದು ಸಿಕ್ಕಲ್ಲೆಲ್ಲ ಬೀಗ ಜಡಿಯುವುದನ್ನು ನಾನು ಒಪ್ಪುವುದಿಲ್ಲ. ಹೃದಯ ನಿಂತ ರೋಗಿಯ ಎದುರು ಡಿಫಿಬ್ರಿಲೇಟರ್ ಪಾಸ್‌ವರ್ಡ್ ಕೇಳಿದರೆ ಅದು ಭದ್ರತೆಯ ಹೆಸರಿನ ಅಪರಾಧ. ಮಂಗಳೂರಿನಲ್ಲೇ ಇದರ ಇನ್ನೊಂದು ಮುಖ ಇದೆ. ಕೆಎಂಸಿ ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಹೆಸರಿನಲ್ಲಿ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಹಂಚಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆ ಇಸಿಜಿಗಳನ್ನು ತಜ್ಞರು ಕೂಡಲೇ ನೋಡುವ ಏರ್ಪಾಡು ಮಾಡಿದರು. ಭದ್ರತಾ ತಜ್ಞರು ಇದನ್ನು ನೋಡಿದರೆ ತಲೆ ಚಚ್ಚಿಕೊಂಡಾರು. ರೋಗಿಯ ಮಾಹಿತಿ ಖಾಸಗಿ ಕಂಪನಿಯ ಆ್ಯಪಿನಲ್ಲಿ, ಯಾರದೋ ಫೋನಿನ ಗ್ಯಾಲರಿಯಲ್ಲಿ! ಅವರ ಆಕ್ಷೇಪ ಸುಳ್ಳಲ್ಲ. ಆದರೆ ಎದೆನೋವೆಂದು ಬಂದವನನ್ನು ಗ್ಯಾಸ್ಟ್ರಿಕ್ ಎಂದು ಮನೆಗೆ ಕಳಿಸುವುದಕ್ಕೂ ಕಾಲು ಗಂಟೆಯಲ್ಲಿ ಹೃದಯಾಘಾತವೆಂದು ಗುರುತಿಸುವುದಕ್ಕೂ ನಡುವಿನ ಅಂತರವನ್ನು ತುಂಬಿದ್ದು ಆ ಆ್ಯಪೇ. ಇಷ್ಟೇ ಸಲೀಸಾಗಿ ನಡೆಯುವ, ಆದರೆ ಮಾಹಿತಿ ಸೋರದ ದಾರಿಯನ್ನು ಎಂಜಿನಿಯರುಗಳು ಕಟ್ಟಿಕೊಡಲಿ. ಅಲ್ಲಿಯವರೆಗೆ ಹಳ್ಳಿಯ ಡಾಕ್ಟರನ್ನು ಗದರಿಸುವ ಹಕ್ಕು ಅವರಿಗಿಲ್ಲ.

ಕಾನೂನು ಮಲಗಿಲ್ಲ. 2017ರ ವೈದ್ಯಕೀಯ ಸಾಧನ ನಿಯಮಗಳು ಅಪಾಯದ ಪ್ರಮಾಣ ನೋಡಿ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತವೆ. 2020ರ ಏಪ್ರಿಲ್ 1ರಿಂದ ಸಾಫ್ಟ್‌ವೇರೂ ಸೇರಿ ವೈದ್ಯಕೀಯ ಸಾಧನಗಳೆಲ್ಲ 1940ರ ಔಷಧ ಕಾಯ್ದೆಯ ಅಡಿಗೆ ಬಂದಿವೆ. ಪ್ಯಾರಾಸಿಟಮಾಲ್ ಮಾತ್ರೆಗೂ ಪಂಪಿನ ಕೋಡಿಗೂ ಈಗ ಕಾಯ್ದೆ ಒಂದೇ. ಸಾಫ್ಟ್‌ವೇರ್ ಬರೆಯುವ ಕ್ರಮಕ್ಕೆ ಐಇಸಿ 62304, ಅಪಾಯದ ಲೆಕ್ಕಕ್ಕೆ ಐಎಸ್‌ಒ 14971, ಭದ್ರತೆಗೆ 2021ರಲ್ಲಿ ಬಂದ ಐಇಸಿ 81001-5-1 ಎಂಬ ಅಂತಾರಾಷ್ಟ್ರೀಯ ಮಾನದಂಡಗಳಿವೆ. ಯಂತ್ರದೊಳಗೆ ಯಾರು ಯಾರ ಸಾಫ್ಟ್‌ವೇರ್ ತುಂಡುಗಳಿವೆ ಎಂಬ ಪಟ್ಟಿ ಕೊಡಿ ಎಂದು ಅಮೆರಿಕ 2023ರಿಂದ ಕಡ್ಡಾಯವಾಗಿ ಕೇಳುತ್ತಿದೆ. ಹೀಗಾಗಿ ಅಲ್ಲಿಗೆ ಹೋಗುವ ಯಂತ್ರಕ್ಕೆ ಕೋಡ್ ಬರೆಯುವ ಬೆಂಗಳೂರಿನ ತಂಡಕ್ಕೆ ಆ ಪಟ್ಟಿ ಬಾಯಿಪಾಠ. ಇಲ್ಲಿನ ಆಸ್ಪತ್ರೆಗಳು ಟೆಂಡರಿನಲ್ಲಿ ಅದನ್ನು ಕೇಳುವುದು ಅಪರೂಪ. ಕೇಳಿದರೆ ಕೊಡುತ್ತಾರೆ, ಹೇಗೂ ಮಾಡಿಟ್ಟಿರುತ್ತಾರೆ. ಎಷ್ಟು ವರ್ಷ ತಿದ್ದುಪಡಿ ಕಳಿಸುತ್ತೀರಿ ಎಂಬ ಇನ್ನೊಂದು ಸಾಲನ್ನೂ ಜತೆಗೆ ಸೇರಿಸಬಹುದು. ಹತ್ತು ಹದಿನೈದು ವರ್ಷ ದುಡಿಯುವ ಸ್ಕ್ಯಾನರಿನೊಳಗೆ ತಯಾರಕರೇ ಕೈಬಿಟ್ಟ ವಿಂಡೋಸ್ ಕೂತಿರುವುದು ಎಷ್ಟೋ ಕಡೆ ಇದೆ.

ಎಲ್ಲಕ್ಕಿಂತ ಸೊರಗಿರುವುದು ವಾಪಸು ಸುದ್ದಿ ಹೋಗುವ ದಾರಿ. 2015ರ ಜುಲೈ 6ರಂದು ಶುರುವಾದ ‘ಮೆಟೀರಿಯೊವಿಜಿಲೆನ್ಸ್’ ಎಂಬ ರಾಷ್ಟ್ರೀಯ ಕಾರ್ಯಕ್ರಮವಿದೆ. ವೈದ್ಯಕೀಯ ಸಾಧನಗಳಿಂದ ಆದ ತೊಂದರೆಗಳನ್ನು ಡಾಕ್ಟರು, ನರ್ಸು, ಬಯೊಮೆಡಿಕಲ್ ಎಂಜಿನಿಯರು, ರೋಗಿಯ ಕಡೆಯವರು ಯಾರು ಬೇಕಾದರೂ ಗಾಜಿಯಾಬಾದಿನಲ್ಲಿರುವ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ನಿಗೆ ತಿಳಿಸಬಹುದು. ವಾರ್ಡಿನಲ್ಲಿ ನಡೆಯುವುದು ಬೇರೆ: ‘ಪಂಪ್ ಹ್ಯಾಂಗ್ ಆಗಿತ್ತು, ಆಫ್ ಮಾಡಿ ಆನ್ ಮಾಡಿದ್ದೇವೆ, ಈಗ ಸರಿ ಉಂಟು.’ ಬಯೊಮೆಡಿಕಲ್‌ನವರು ಬಂದು ನೋಡುವಾಗ ಯಂತ್ರ ಸಾಧುವಾಗಿ ಕೂತಿರುತ್ತದೆ, ದೋಷ ಕಾಣಲಿಲ್ಲ ಎಂದು ಬರೆದು ಹೋಗುತ್ತಾರೆ. ಹಾಗೆ ಆಫ್ ಮಾಡುವ ಮುಂಚೆ ಫೋನಿನಲ್ಲಿ ಪರದೆಯ ಒಂದು ಫೋಟೊ ತೆಗೆದಿಟ್ಟರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಫಾರ್ಮಿನಲ್ಲಿ: ಎಷ್ಟು ಹೊತ್ತಿಗೆ, ಯಾವ ಸಂದೇಶ, ಅದಕ್ಕೆ ಮೊದಲು ಒತ್ತಿದ ಗುಂಡಿಗಳು ಯಾವ ಕ್ರಮದಲ್ಲಿ, ಕರೆಂಟು ಹೋಗಿ ಬಂದಿತ್ತೇ. ಕೊನೆಗೆ ಸಾಫ್ಟ್‌ವೇರಿನ ಆವೃತ್ತಿ ಸಂಖ್ಯೆ. ಬಹುತೇಕ ಯಂತ್ರಗಳಲ್ಲಿ ಅದು ಶುರುವಾಗುವಾಗ ಪರದೆಯ ಮೂಲೆಯಲ್ಲಿ ಒಂದೆರಡು ಸೆಕೆಂಡು ಕಾಣಿಸುತ್ತದೆ. ಕಾಣದಿದ್ದರೆ ಸೆಟ್ಟಿಂಗ್ಸಿನೊಳಗೆ ‘ಅಬೌಟ್’ ಎಂಬಲ್ಲಿ ಸಿಗುತ್ತದೆ.